ಬಿಳಿ ರೂಮಿಗೆ ಅಲ್ಲಲ್ಲಿ ವಂಕಾಯಿ

ನಮ್ಮ ಎದುರುಮನೆ ಆನಂದಕುಮಾರನ ಜೊತೆ ನೀವು ಯಾವ ವಿಷಯಕ್ಕಾದರೂ ಜಗಳ ಆಡಿ, ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. ಹೆಂಡತಿ ಪದ್ಮಲತಾ ದಿನಾ ಆಡುತ್ತಾಳೆ, ಅವನು ತಲೆ ತಗ್ಗಿಸಿ ಅನ್ನ ಕಲಸಿಕೊಳ್ಳುತ್ತಾನೆ. ಆದರೆ ಬಣ್ಣದ ವಿಷಯಕ್ಕೆ ಮಾತ್ರ ಹೋಗಬೇಡಿ. ಹಿಂದೂಪುರದಲ್ಲಿ ಅಜ್ಜನ ಕಾಲದಿಂದ ರೇಷ್ಮೆ ನೂಲಿಗೆ ಬಣ್ಣ ಹಾಕಿಕೊಂಡು, ಸೀರೆ ನೇಯಿಸಿಕೊಂಡು ಬಂದ ಮನೆ ಅದು. ಅವನೆದುರು ಅಪ್ಪಿತಪ್ಪಿ 'ಪರ್ಪಲ್' ಅಂದುಬಿಟ್ಟಿರೋ, ನಿಮ್ಮ ಸಾಯಂಕಾಲ ಹೋಯಿತು.

"ಯಾವ ಪರ್ಪಲ್ಲು? ನೇರಳೆಹಣ್ಣಾ? ದ್ರಾಕ್ಷೀನಾ? ವಂಕಾಯಾ? ಬಾಯಿಗೆ ಬಂದಂಗೆ ಪರ್ಪಲ್ಲು ಅಂದ್ಬುಟ್ರೆ ಆಯ್ತಾ?"

ತೆಲುಗು ಬಾರದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ವಂಕಾಯಿ ಅಂದರೆ ಬದನೆಕಾಯಿ. ಊರಿಗೆಲ್ಲ ಅದು ತರಕಾರಿ, ಸೀರೆಯವರ ಮನೆಯಲ್ಲಿ ಮಾತ್ರ ಬಣ್ಣ. 'ವಂಕಾಯಿಗೆ ಹಸಿರಂಚು ಹಾಕು' ಅನ್ನುತ್ತಾರೆ, 'ಆ ವಂಕಾಯಿ ಮಡಚಿ ಬೀರುವಿನಲ್ಲಿ ಇಡು' ಅನ್ನುತ್ತಾರೆ. ಮುಂದೆ ಬಣ್ಣ ಅನ್ನುವ ಇನ್ನೊಂದು ಪದ ಸೇರಿಸಲು ಅವರಿಗೆ ಪುರುಸೊತ್ತಿಲ್ಲ. ಈ ಒಂದು ಪದದ ಸೋಮಾರಿತನದಿಂದ ಎರಡು ಮನೆತನದ ಸಂಬಂಧ ಮುರಿದುಬೀಳುವುದರಲ್ಲಿತ್ತು ಅಂದರೆ ನೀವು ನಂಬುವುದಿಲ್ಲ. ನಾನು ಕಣ್ಣಾರೆ ನೋಡಿದವನು.

ಆನಂದಕುಮಾರನ ಮಗ ಹರಿಕೃಷ್ಣನಿಗೆ ವೈಶಾಖದಲ್ಲಿ ಮದುವೆಯಾಯಿತು. ಹುಡುಗಿ ಕಲ್ಯಾಣದುರ್ಗದವಳು, ಹೆಸರು ಬನಶ್ರೀ. ಅವರದೂ ನೇಕಾರರ ಮನೆತನವೇ, ಆದರೆ ಮಗ್ಗ ಬಿಟ್ಟು ಎರಡು ತಲೆಮಾರಾಗಿದೆ. ಹುಡುಗಿಯ ತಂದೆ ನರಸಿಂಹಪ್ಪನವರದು ಈಗ ತರಕಾರಿ ಮಂಡಿ. ಆಷಾಢ ಬಂತು, ಪದ್ಧತಿಯಂತೆ ಹೊಸ ಸೊಸೆ ತವರಿಗೆ ಹೋದಳು. ಹೋದವಳು ಗಂಡನ ಫೋನಿಗೆ ಒಂದು ಫೋಟೋ ಕಳಿಸಿದಳು. ಬೆಳ್ಳಗಿನ ಬೆಡ್‌ರೂಮು, ಬೆಳ್ಳಗಿನ ಹಾಸಿಗೆ, ಅಲ್ಲಲ್ಲಿ ಪರ್ಪಲ್ ಬಣ್ಣದ ದಿಂಬು, ಪರದೆ, ಕಾಲೊರಸು. ಕೆಳಗೆ, 'ನಮ್ಮ ರೂಮೂ ಹಿಂಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಲ್ವಾ' ಎಂದು ಬರೆದಿದ್ದಳು.

ಹರಿಕೃಷ್ಣ ಅದನ್ನು ಅಪ್ಪನಿಗೆ ತೋರಿಸಿದ. ತೋರಿಸಬಾರದಿತ್ತು.

"ಇಷ್ಟೇನಾ? ಸೊಸೆ ಬಾಯಿಬಿಟ್ಟು ಒಂದು ಬಣ್ಣ ಕೇಳವ್ಳೆ. ಈ ಮನೇನಾಗೆ ಬಣ್ಣ ಕೇಳಿ ಇಲ್ಲ ಅನ್ನಿಸ್ಕಂಡೋರು ಯಾರೂ ಇಲ್ಲ. ನೀನು ಸುಮ್ಕಿರು, ಅವಳಿಗೆ ಏನೂ ಹೇಳ್ಬ್ಯಾಡ. ಶ್ರಾವಣದಾಗೆ ಬಂದು ಬಾಗಿಲು ತೆಗೆದ್ರೆ ದಂಗಾಗ್ಬೇಕು!"

ಮಾರನೆಯ ದಿನವೇ ಪೇಂಟರ್ ಸಾಯಿಕುಮಾರ್ ಏಣಿ ಹೊತ್ತುಕೊಂಡು ಬಂದ. ಗೋಡೆ ಬೆಳ್ಳಗಾಯಿತು, ತಾರಸಿ ಬೆಳ್ಳಗಾಯಿತು, ಬೀರು ಬೆಳ್ಳಗಾಯಿತು, ಸಾಯಿಕುಮಾರ್ ಬೆಳ್ಳಗಾದ. ಬಿಳಿ ಹಾಸಿಗೆ ಹಾಸಿದ ಮೇಲೆ ಪದ್ಮಲತಾ ಬಾಗಿಲಲ್ಲಿ ನಿಂತು ನೋಡಿ, "ಒಳಗೆ ಬರೋಕೆ ಚೀಟಿ ಬರೆಸ್ಬೇಕೇನ್ರೀ? ಡಾಕ್ಟ್ರು ಎಷ್ಟೊತ್ತಿಗೆ ಬತ್ತಾರೆ?" ಎಂದಳು. ಪಕ್ಕದ ಮನೆ ಚಿನ್ನಕ್ಕ ಕಿಟಕಿಯಿಂದ ಇಣುಕಿ, "ಅಯ್ಯೋ, ಯಾರಿಗೆ ಹುಷಾರಿಲ್ಲ?" ಎಂದು ಗಾಬರಿಯಾದಳು.

"ಇನ್ನೂ ವಂಕಾಯಿ ಬಂದಿಲ್ಲ ಕಣಮ್ಮ, ಬಂದ ಮ್ಯಾಲೆ ನೋಡು" ಎಂದ ಆನಂದಕುಮಾರ. ಚಿನ್ನಕ್ಕನಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಇಟ್ಟುಕೊಂಡು ಕೂರುವ ಹೆಂಗಸಲ್ಲ ಅವಳು, ಸಂಜೆಯೊಳಗೆ ಬೀದಿಗೆಲ್ಲ ಹಂಚಿದಳು.

ಅವನಿಗೆ ಬೇಕಾದ ವಂಕಾಯಿ ಮಾತ್ರ ಹಿಂದೂಪುರದ ಒಂದು ಬಟ್ಟೆ ಅಂಗಡಿಯಲ್ಲೂ ಸಿಗಲಿಲ್ಲ. ಅಂಗಡಿಯವರು ತೋರಿಸಿದ್ದನ್ನೆಲ್ಲ ಇದು ನೇರಳೆ, ಇದು ದ್ರಾಕ್ಷಿ, ಇದು ಯಾವುದೂ ಅಲ್ಲ ಎಂದು ಎತ್ತಿಟ್ಟು ಬಂದ. ಆ ಬೇಸರದಲ್ಲೇ ಬೀಗರಿಗೆ ಫೋನು ಮಾಡಿದ. ಅವನು ಫೋನು ಮಾಡುವುದು ಜಗಲಿಯಲ್ಲಿ ನಿಂತು, ಸ್ಪೀಕರ್ ಹಾಕಿಕೊಂಡು. ಹಾಗಾಗಿ ನಾನು ಕದ್ದು ಕೇಳಿದೆ ಎಂದು ಯಾರೂ ಹೇಳುವಂತಿಲ್ಲ, ಪೇಪರು ಓದುತ್ತಿದ್ದೆ.

"ಬೀಗರೇ, ಚೆನ್ನಾಗಿದ್ದೀರಾ?"

"ಚೆನ್ನಾಗಿದ್ದೀವಿ ಬೀಗರೇ. ಮಂಡೀನಾಗೆ ಹರಾಜು ನಡೀತಾ ಐತೆ, ಒಸಿ ಗಟ್ಟಿಗೆ ಹೇಳಿ."

"ಬನಶ್ರೀ ರೂಮು ರೆಡಿ ಮಾಡಿಸ್ತಾ ಇದ್ದೀನಿ. ಎಲ್ಲಾ ಬಿಳೀದು. ಒಂದೇ ಕೊರತೆ ನೋಡಿ, ಒಳ್ಳೇ ವಂಕಾಯಿ ಸಿಕ್ತಿಲ್ಲ."

"ಹಿಂದೂಪುರದಾಗೆ ವಂಕಾಯಿಗೆ ಬರಾನಾ?"

"ಐತೆ, ಎಲ್ಲಾ ಡಲ್ಲು. ನೀರಿಗೆ ಹಾಕಿದ್ರೆ ಬಿಟ್ಕಂಬುಡ್ತದೆ."

"ಅದು ಹಳೇ ಮಾಲು ಬೀಗರೇ! ನಮ್ಮ ಬೆಳುಗುಪ್ಪದ ಕಡೆ ಮಾಲು ನೋಡ್ಬೇಕು ನೀವು. ಮಿರಮಿರ ಅಂತದೆ. ಎಷ್ಟು ಬೇಕು ಹೇಳಿ, ನಾಳೇನೇ ಕಳಸ್ತೀನಿ."

ಬೆಳುಗುಪ್ಪದಲ್ಲೂ ಬಣ್ಣದ ಬಟ್ಟೆ ಸಿಗುತ್ತದೆಂದು ಕೇಳಿ ಆನಂದಕುಮಾರನಿಗೆ ಆಶ್ಚರ್ಯ, ಸಂತೋಷ ಎರಡೂ ಆಯಿತು. "ಜಾಸ್ತಿ ಬ್ಯಾಡ, ಅಲ್ಲಲ್ಲಿ ಇದ್ರೆ ಸಾಕು. ದಿಂಬಿಗೆ, ಕಿಟಕಿಗೆ, ಆಮೇಲೆ ಮಂಚ ಇಳಿದ್ರೆ ಕಾಲಿಡೋ ಜಾಗದಾಗೆ ಒಂದು ದೊಡ್ಡದು. ಬನಶ್ರೀಗೆ ಮಾತ್ರ ಉಸಿರು ಬಿಡ್ಬ್ಯಾಡಿ. ಅವಳಿಗೆ ಗೊತ್ತೇ ಆಗ್ಬಾರ್ದು."

ಅತ್ತ ಕಡೆ ನರಸಿಂಹಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರಂತೆ. ಮಗಳ ದಿಂಬಿಗೆ, ಮಗಳ ಕಿಟಕಿಗೆ, ಮಗಳ ಕಾಲಬುಡಕ್ಕೆ ಬದನೆಕಾಯಿ. ಅದೂ ಮಗಳಿಗೆ ಗೊತ್ತಾಗದಂತೆ. ಬೇರೆ ಯಾರಾದರೂ ಆಗಿದ್ದರೆ ನರಸಿಂಹಪ್ಪ ಯಾಕೆ ಎಂದು ಕೇಳುತ್ತಿದ್ದರು. ಆದರೆ ಹೊಸ ಬೀಗರು, ಹುಡುಗಿ ಕೊಟ್ಟ ಮನೆ. ಅವರ ಕಡೆಯ ಪದ್ಧತಿ ಏನೋ ಇದ್ದೀತು, ಕೇಳಿದರೆ ತಪ್ಪು ತಿಳಿದಾರು.

"ಆಗ್ಲಿ ಬೀಗರೇ" ಎಂದರು.

ಮಾರನೆಯ ದಿನ ಲಗೇಜ್ ಆಟೋದಲ್ಲಿ ಎರಡು ಮೂಟೆ ಬಂದಿಳಿಯಿತು. ಆನಂದಕುಮಾರ ಒಂದು ಮೂಟೆಯ ಬಾಯಿ ಬಿಚ್ಚಿದ. ಬದನೆಕಾಯಿ. ಬಟ್ಟೆ ಅಡಿಯಲ್ಲಿ ಇರಬೇಕು ಎಂದು ಜಗಲಿಯ ಮೇಲೆ ಮೂಟೆ ಸುರಿದ. ಬದನೆಕಾಯಿ ಜಗಲಿ ಇಳಿದು, ಚರಂಡಿ ದಾಟಿ, ಒಂದೆರಡು ನಮ್ಮ ಮನೆಯ ಗೇಟಿನವರೆಗೂ ಬಂದವು. ಎರಡನೆಯ ಮೂಟೆಯಲ್ಲೂ ಬದನೆಕಾಯಿಯೇ.

"ಏನು ಕೇಳಿದ್ರಿ ನೀವು ಅವರ್ನ?" ಎಂದಳು ಪದ್ಮಲತಾ.

"ವಂಕಾಯಿ ಕೇಳ್ದೆ."

"ಮತ್ತೆ ಇದೇನು?"

"ಇದು ವಂಕಾಯಿ ಕಣೇ! ನಾನು ಕೇಳಿದ್ದು ವಂಕಾಯಿ!"

ಪದ್ಮಲತಾ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತಳು. ನಗು ತಡೆದುಕೊಂಡು, "ಫೋನ್ ಮಾಡಿ ಹೇಳ್ಬುಡಿ, ನಾನು ಕೇಳಿದ್ದು ಬಣ್ಣ ಅಂತ" ಎಂದಳು. ಆ ಕ್ಷಣ ಅವಳ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಫೋನು ಎತ್ತಿಕೊಳ್ಳುವಷ್ಟರಲ್ಲಿ ಅದೇ ಹೊಡೆದುಕೊಂಡಿತು.

"ಬಂತಾ ಬೀಗರೇ? ಹೆಂಗೈತೆ ಮಾಲು? ತೋಟಕ್ಕೆ ನಾನೇ ಹೋಗಿ, ಒಂದೊಂದೇ ಕೈಯಾಗೆ ಆರಿಸ್ಕಂಡು ಬಂದಿದ್ದು. ಮಗಳ ರೂಮಿಗೆ ಅಂದ್ರೆ ಸುಮ್ನೆನಾ?"

ಕೈಯಾರೆ ಒಂದೊಂದೇ ಆರಿಸಿ ತಂದವರಿಗೆ ಹೇಗೆ ಹೇಳುವುದು? ಆನಂದಕುಮಾರ ಕಾಲಬುಡದ ಒಂದು ಬದನೆಕಾಯಿ ಎತ್ತಿ ನೋಡಿದ. "ಬಲೇ ಚೆನ್ನಾಗವೆ ಬೀಗರೇ" ಎಂದುಬಿಟ್ಟ.

"ರೂಮಿನಾಗೆ ಇಟ್ಟ ಮ್ಯಾಲೆ ಒಂದು ಫೋಟೋ ಕಳ್ಸಿ. ನಮ್ಮವ್ವನೂ ನೋಡ್ಲಿ."

ಹಾಗಾಗಿ, ಬೀಗರ ಮನಸ್ಸು ನೋಯಬಾರದೆಂಬ ಒಂದೇ ಕಾರಣಕ್ಕೆ, ಆನಂದಕುಮಾರ ಬೆಳ್ಳಗಿನ ಬೆಡ್‌ರೂಮಿನಲ್ಲಿ ಬದನೆಕಾಯಿ ಜೋಡಿಸಲು ಕೂತ. ಜೋಡಿಸುವುದೇ ಆದರೆ ಅಂದವಾಗಿ ಜೋಡಿಸಬೇಕಲ್ಲ, ಬಣ್ಣ ಬಲ್ಲವನು. ಒಂದೊಂದಕ್ಕೂ ಕೊಬ್ಬರಿ ಎಣ್ಣೆ ಸವರಿ ಒರೆಸಿದ. ದಿಂಬಿನ ಸುತ್ತ ಸಣ್ಣವು, ಕಿಟಕಿಗೆ ರೇಷ್ಮೆ ದಾರದಲ್ಲಿ ಕಟ್ಟಿದ ಉದ್ದನೆಯವು, ಮಂಚದ ಕಾಲಡಿಗೆ ಬಿಳಿ ಬಟ್ಟೆ ಹಾಸಿ ಅದರ ನಟ್ಟನಡುವೆ ಎಲ್ಲಕ್ಕಿಂತ ದೊಡ್ಡದು. ನಮ್ಮನ್ನೂ ಕರೆದು ತೋರಿಸಿದ. ನಾನು ಏನು ಹೇಳಲಿ? ಚೆನ್ನಾಗಿದೆ ಎಂದೆ. ಹರಿಕೃಷ್ಣ ಫೋಟೋ ತೆಗೆದು ಮಾವನಿಗೆ ಕಳಿಸಿದ.

ಕಲ್ಯಾಣದುರ್ಗದಲ್ಲಿ ನರಸಿಂಹಪ್ಪನವರ ತಾಯಿ ನರಸಕ್ಕ ಆ ಫೋಟೋ ನೋಡಿದಳು. ಆಮೇಲೆ ನಡೆದದ್ದನ್ನು ನರಸಿಂಹಪ್ಪನವರೇ ನನಗೆ ಹೇಳಿದ್ದು. ಮುದುಕಿ ಕನ್ನಡಕ ಹಾಕಿಕೊಂಡು ಒಮ್ಮೆ ನೋಡಿದಳು, ಕನ್ನಡಕ ತೆಗೆದು ಒಮ್ಮೆ ನೋಡಿದಳು.

"ಹೆಣಕ್ಕೆ ಹಾಸ್ದಂಗೆ ಬಿಳೀ ಬಟ್ಟೆ. ತಲೆ ಹತ್ರ, ಕಾಲು ಹತ್ರ ಕಾಯಿ. ಎಣ್ಣೆ ಬೇರೆ ಹಚ್ಚವ್ರೆ! ಇದು ಮಾಟ ಕಣ್ಲಾ ನರಸಿಂಹ! ಮಗೀಗೆ ಗೊತ್ತಾಗ್ಬಾರ್ದು ಅಂತ ಬೇರೆ ಹೇಳವ್ರೆ. ನೀನು ಮೂಟೆಗಟ್ಲೆ ಸಾಮಾನು ಕಳಿಸ್ಕೊಟ್ಟೆ, ದಡ್ಡ ಮುಂಡೇದೆ!"

ಬನಶ್ರೀ ಏನಾಯಿತೆಂದು ಕೇಳಿದರೆ ಯಾರೂ ಹೇಳಲಿಲ್ಲ. ಹೇಳಿದರೆ ಮಗು ಹೆದರೀತು ಎಂದು ಅಜ್ಜಿ ಅವಳ ಫೋನನ್ನೂ ಕಿತ್ತು ಅಕ್ಕಿ ಡಬ್ಬದಲ್ಲಿ ಹೂತಳು. "ಈಗಿನ ಕಾಲ್ದಾಗೆ ಮಾಟ ಫೋನಿನಾಗೂ ಬತ್ತದೆ" ಎಂದಳಂತೆ.

ಹಿಂದೂಪುರಕ್ಕೆ ಫೋನು ಬಂತು. ನರಸಿಂಹಪ್ಪನವರ ದನಿ ಬದಲಾಗಿತ್ತು. "ಬೀಗರೇ, ಹುಡುಗೀನ ಶ್ರಾವಣದಾಗೆ ಕಳ್ಸಕ್ಕಾಗಲ್ಲ. ಮುಂದಕ್ಕೂ ಹೇಳಕ್ಕಾಗಲ್ಲ."

"ಅಯ್ಯೋ, ಯಾಕೆ ಬೀಗರೇ?"

"ಆ ವಂಕಾಯಿ ಯಾಕೆ ಇಟ್ರಿ, ಅದು ಮೊದ್ಲು ಹೇಳಿ."

"ನಾನು ಕೇಳಿದ್ದು ವಂಕಾಯಿ ಅಲ್ಲ ಬೀಗರೇ, ಬಣ್ಣ!"

"ನನ್ನ ಕಿವಿಯಾರೆ ಕೇಳಿದ್ದೀನಿ. ನೀರಿಗೆ ಹಾಕಿದ್ರೆ ಬಿಟ್ಕಂತದೆ ಅಂದ್ರಿ, ಅಲ್ಲಲ್ಲಿ ಇದ್ರೆ ಸಾಕು ಅಂದ್ರಿ. ಈಗ ಬಣ್ಣ ಅಂತೀರಾ? ನಾನೇನು ಸಣ್ಣ ಮಗನಾ?"

ಫೋನು ಕಟ್ಟಾಯಿತು. ಹರಿಕೃಷ್ಣ ಮೂಲೆಯಲ್ಲಿ ನಿಂತಿದ್ದ. ಪಾಪ, ಆ ಹುಡುಗನ ಮುಖ ನೋಡಲಾಗಲಿಲ್ಲ. ಮದುವೆಯಾಗಿ ಹೆಂಡತಿಯ ಜೊತೆ ನೆಟ್ಟಗೆ ನಾಲ್ಕು ಮಾತಾಡುವಷ್ಟರಲ್ಲಿ ಆಷಾಢ ಬಂದಿತ್ತು, ಈಗ ಆಷಾಢದ ಜೊತೆ ಬದನೆಕಾಯಿಯೂ ಬಂತು.

ಇತ್ತ ಚಿನ್ನಕ್ಕ ಹಂಚಿದ್ದು ಬೀದಿ ಸುತ್ತಿ, ಬೆಳೆದು, ನಮ್ಮ ಆಂಧ್ರದಲ್ಲಿ ವಾರ್ಡಿಗೊಂದರಂತೆ ಇರುವ ಸಚಿವಾಲಯ ಕಚೇರಿಯ ಮಹಿಳಾ ಪೊಲೀಸ್ ಮಲ್ಲೇಶ್ವರಿಯ ಕಿವಿಗೆ ಬಿದ್ದಿತ್ತು. ಸಂಜೆ ಯೂನಿಫಾರ್ಮಿನಲ್ಲಿ ಬಂದು ಬಾಗಿಲಲ್ಲಿ ನಿಂತಳು.

"ಏಮ್ ಸಾರ್, ಇಂಟ್ಲೋ ಏಮೋ ಪೂಜಲು ಜೇಸ್ತಾಂಡಾರಂಟ?" ಮನೆಯಲ್ಲಿ ಏನೋ ಪೂಜೆ ಮಾಡುತ್ತಿದ್ದೀರಂತೆ ಎಂದು ತೆಲುಗಿನಲ್ಲೇ ಕೇಳಿದಳು.

"ಪೂಜೆ ಇಲ್ಲ ಮೇಡಂ, ಡೆಕೊರೇಶನ್ನು!"

ಮಲ್ಲೇಶ್ವರಿ ರೂಮಿನ ಒಳಗೆ ಹೋದಳು. ಗೋಡೆ ಮುಟ್ಟಿ ನೋಡಿದಳು. ಕಿಟಕಿಯ ಬದನೆಕಾಯಿಯನ್ನು ಬೆರಳಿನಿಂದ ತಟ್ಟಿದಳು, ಅದು ಗಂಭೀರವಾಗಿ ಒಂದು ಸುತ್ತು ತಿರುಗಿತು. ಮಂಚದ ಕೆಳಗೆ ಬಗ್ಗಿ ನಿಂಬೆಹಣ್ಣು, ಕುಂಕುಮ, ಬೊಂಬೆ ಏನಾದರೂ ಇದೆಯೇ ಎಂದು ಹುಡುಕಿದಳು. ಏನೂ ಇರಲಿಲ್ಲ. ಎದ್ದು ನಿಂತು ಕನ್ನಡಕ್ಕೆ ಬಂದಳು.

"ಈ ಬಿಳಿ ಯಾವ ಕಂಪ್ನೀದು ಸಾರ್? ನಮ್ಮನೇಲಿ ಹೊಡೆಸಿದ್ದು ಆಗ್ಲೇ ಹಳದಿಗೆ ತಿರುಗ್ಬುಟ್ಟೈತೆ."

ಪದ್ಮಲತಾ ಒಂದು ಚೀಲ ಬದನೆಕಾಯಿ ಕೊಡಹೋದಳು. ಡ್ಯೂಟಿ ಮೇಲೆ ತಗೊಳ್ಳಲ್ಲ ಎಂದು ಮಲ್ಲೇಶ್ವರಿ ಖಡಾಖಂಡಿತವಾಗಿ ಹೇಳಿದಳು. ಡ್ಯೂಟಿ ಮುಗಿಸಿ, ಸೀರೆ ಉಟ್ಟುಕೊಂಡು ಬಂದು ತೆಗೆದುಕೊಂಡು ಹೋದಳು.

ಆನಂದಕುಮಾರನಿಗೆ ಊಟ ಸೇರದಾಯಿತು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. "ನನ್ನಿಂದ ಮಗನ ಸಂಸಾರ ಹಾಳಾಯ್ತು ಕಣಯ್ಯ" ಎಂದು ನನ್ನ ಕೈ ಹಿಡಿದುಕೊಂಡ. ಕೊನೆಗೆ ಹಳೆಯ ಪಾತ್ರೆ ಒಲೆಯ ಮೇಲಿಟ್ಟು ತಾನೇ ಬಣ್ಣ ಕಾಯಿಸಿ, ಬಿಳಿ ಬಟ್ಟೆ ಅದ್ದಿ, ಆರಿಸಿ, ಮತ್ತೆ ಅದ್ದಿ, ತನಗೆ ಬೇಕಾದ ವಂಕಾಯಿ ಬರಿಸಿದ. ಆ ಬಟ್ಟೆ ಮಾಳಿಗೆಯ ಮೇಲೆ ಒಣಗುತ್ತಿದ್ದಾಗಲೇ ನರಸಿಂಹಪ್ಪನವರ ಫೋನು ಬಂತು.

"ಸೋಮಂದೇಪಲ್ಲಿ ದಾಟಿದ್ದೀವಿ. ಬತ್ತಾ ಇದ್ದೀವಿ. ಆ ರೂಮಿನಾಗೆ ಒಂದು ಕಡ್ಡೀನೂ ಅಲ್ಲಾಡಿಸ್ಬ್ಯಾಡಿ. ಇದ್ದದ್ದು ಇದ್ದಂಗೆ ನಮ್ಮವ್ವ ನೋಡ್ಬೇಕು."

ಬೊಲೆರೊ ಬಂದು ನಿಂತಾಗ ಬೀದಿಯ ಒಂದು ಬಾಗಿಲೂ ಮುಚ್ಚಿರಲಿಲ್ಲ. ಮುಂದೆ ನರಸಿಂಹಪ್ಪ ಇಳಿದರು, ಮುಖ ಗಂಟು. ಹಿಂದೆ ನರಸಕ್ಕ, ಕೈಯಲ್ಲಿ ದೇವಸ್ಥಾನದ ವಿಭೂತಿ ಪೊಟ್ಟಣ. ಕೊನೆಗೆ ಬನಶ್ರೀ. ಗಂಡನ ಮನೆಗೆ ಯಾಕೆ ಕಳಿಸಲ್ಲ ಅಂತ ತಾನೇ ಕಣ್ಣಲ್ಲಿ ನೋಡಬೇಕು ಎಂದು ಹಟ ಹಿಡಿದು ಗಾಡಿ ಹತ್ತಿದ್ದಳಂತೆ.

ಎಲ್ಲರೂ ರೂಮಿಗೆ ನುಗ್ಗಿದರು. ನಾವೂ ನುಗ್ಗಿದೆವು. ನರಸಕ್ಕ ಬಾಗಿಲಿನಿಂದಲೇ ವಿಭೂತಿ ಎರಚಿದಳು. "ನೋಡು, ಕಾಯಿ ಹೆಂಗೆ ಜೋತು ಬಿಟ್ಟವ್ರೆ!"

ನರಸಿಂಹಪ್ಪ ಆನಂದಕುಮಾರನ ಕಡೆ ತಿರುಗಿದರು. "ಹೇಳಿ. ವಂಕಾಯಿ ನೀವೇ ಕೇಳಿದ್ದು ತಾನೇ?"

"ಕೇಳ್ದೆ, ಆದ್ರೆ ದಿಂಬಿಗೆ!"

"ದಿಂಬಿಗೆ ಯಾರಾದ್ರೂ ವಂಕಾಯಿ ತುಂಬ್ತಾರೇನ್ರೀ?"

"ತುಂಬಕ್ಕಲ್ಲ ಬೀಗರೇ, ಹೊದಿಸಕ್ಕೆ!"

"ವಂಕಾಯಿ ಹೊದಿಸ್ತಾರಾ!"

ಆಗ ಮಂಚದ ಬಳಿಯಿಂದ ಒಂದು ಸದ್ದು ಬಂತು. ಅಳು ಎಂದುಕೊಂಡು ಎಲ್ಲರೂ ತಿರುಗಿದೆವು. ಬನಶ್ರೀ ಹಾಸಿಗೆಯ ಮೇಲೆ ಬಿದ್ದು, ಹೊಟ್ಟೆ ಹಿಡಿದುಕೊಂಡು, ಬದನೆಕಾಯಿಗಳ ನಡುವೆ ಹೊರಳಾಡಿ ನಗುತ್ತಿದ್ದಳು.

"ಅಪ್ಪಾ... ಅಪ್ಪಾ, ಇವ್ರ ಮನೇನಾಗೆ ವಂಕಾಯಿ ಅಂದ್ರೆ ಬಣ್ಣ! ಮದ್ವೆಯಾಗಿ ಬಂದ ಹೊಸದ್ರಾಗೆ ಅತ್ತೆ ನಂಗೆ 'ಇವತ್ತು ವಂಕಾಯಿ ಉಟ್ಕೊಳಮ್ಮ' ಅಂದ್ರು. ನಾನು ಅಡುಗೆಮನೆಗೆ ಹೋಗಿ ತರಕಾರಿ ಬುಟ್ಟಿ ನೋಡ್ತಾ ನಿಂತಿದ್ದೆ. ಕೇಳಕ್ಕೆ ನಾಚ್ಕೆ!"

ಹರಿಕೃಷ್ಣ ಮಾಳಿಗೆಗೆ ಓಡಿ, ಒಣಗಿದ್ದ ಬಟ್ಟೆ ತಂದು ಹಾಸಿಗೆಯ ಮೇಲೆ ಹರಡಿದ. ಬಿಳಿಯ ಮೇಲೆ ಆ ಬಣ್ಣ ಬಿದ್ದದ್ದೇ ರೂಮಿಗೆ ಜೀವ ಬಂತು. ನಿಜ ಹೇಳುತ್ತೇನೆ, ನಾನು ಇಷ್ಟು ಹೊತ್ತು ಅವನನ್ನು ಆಡಿಕೊಂಡೆ, ಆದರೆ ಬಣ್ಣ ಮಾತ್ರ ಅದ್ಭುತವಾಗಿತ್ತು. ಬನಶ್ರೀ ಎದ್ದು ನಿಂತು ಅದನ್ನು ಕೆನ್ನೆಗೆ ಒತ್ತಿಕೊಂಡಳು. "ಇದೇ ಮಾವ. ನಾನು ಕೇಳಿದ್ದು ಇದೇ" ಎಂದಳು. ಆನಂದಕುಮಾರನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ನರಸಿಂಹಪ್ಪ ಅವನನ್ನು ತಬ್ಬಿಕೊಂಡರು. ಅವರಿಬ್ಬರೂ ತಬ್ಬಿಕೊಂಡದ್ದನ್ನು ನೋಡಿ ಚಿನ್ನಕ್ಕನೂ ಅತ್ತಳು, ಅವಳಿಗೆ ಈಗಲೂ ಏನೂ ಅರ್ಥವಾಗಿರಲಿಲ್ಲ.

ಎಲ್ಲ ಮುಗಿಯಿತು, ಇನ್ನು ಕಾಫಿ ಎಂದು ನಾನು ಒಂದು ಕುರ್ಚಿ ಎಳೆದುಕೊಳ್ಳುವಾಗ ನರಸಕ್ಕ ಹಣೆ ಚಚ್ಚಿಕೊಂಡಳು.

"ಅಯ್ಯಯ್ಯೋ! ಆಷಾಢ ಇನ್ನೂ ಐತೆ! ಅತ್ತೆ ಸೊಸೆ ಒಂದೇ ಹೊಸ್ತಿಲು ಒಳಗವ್ರೆ!"

ಎಲ್ಲರೂ ಪದ್ಮಲತಾಳನ್ನು ನೋಡಿದರು, ಬನಶ್ರೀಯನ್ನು ನೋಡಿದರು, ಹೊಸ್ತಿಲನ್ನು ನೋಡಿದರು. ಬನಶ್ರೀಯನ್ನು ವಾಪಸು ಕರೆದುಕೊಂಡು ಹೋಗೋಣ ಎಂದರು ನರಸಿಂಹಪ್ಪ. ಹರಿಕೃಷ್ಣನ ಮುಖ ಮತ್ತೆ ಇಳಿಯಿತು. ಮುದುಕಿ ಅದಕ್ಕೂ ಒಪ್ಪಲಿಲ್ಲ. ಒಳಕ್ಕೆ ಬಂದ ಲಕ್ಷ್ಮಿಯನ್ನು ಅವತ್ತೇ ಹೊರಕ್ಕೆ ಕಳಿಸುವುದುಂಟೇ?

"ಅಂಗಾದ್ರೆ ಯಾರು ಹೋಗ್ಬೇಕು?" ಎಂದ ಆನಂದಕುಮಾರ.

"ನಾನು" ಎಂದಳು ಪದ್ಮಲತಾ.

ಆ ಹೆಂಗಸು ಅಷ್ಟು ಬೇಗ ಬಟ್ಟೆ ತುಂಬಿಕೊಂಡದ್ದನ್ನು ನಮ್ಮ ಬೀದಿ ಯಾವತ್ತೂ ನೋಡಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಲೆ ಬಿಟ್ಟು ಹೋದವಳಲ್ಲ. ತವರಿನಲ್ಲಿ ಈಗ ಯಾರೂ ಇಲ್ಲ. ಬೀಗರ ಮನೆಯಲ್ಲೇ ಆಷಾಢ ಕಳೆಯುತ್ತೇನೆ ಎಂದು ಬೊಲೆರೊದ ಮುಂದಿನ ಸೀಟಿನಲ್ಲಿ, ಡ್ರೈವರ್ ಮತ್ತು ನರಸಕ್ಕನ ಪಕ್ಕ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಳು. ನರಸಿಂಹಪ್ಪ ಖುಷಿಯಿಂದ ಹಿಂದೆ ಹತ್ತಿದರು.

ಆನಂದಕುಮಾರ ಕಿಟಕಿಯ ಬಳಿ ನಿಂತು ಗೋಗರೆದ. "ಲೇ, ನಂಗೆ ಊಟ?"

"ಅಕ್ಕಿ ಎಲ್ಲೈತೆ ಅಂತ ಗೊತ್ತಲ್ಲ" ಎಂದಳು. ಗಾಡಿ ಹೊರಟಿತು.

ಬಾಗಿಲಲ್ಲಿ ನಿಂತಿದ್ದ ಬನಶ್ರೀ ಮಾವನನ್ನು ಕೇಳಿದಳು. "ಮಾವ, ಅತ್ತೆ ಬರೋ ಹೊತ್ಗೆ ಅವ್ರ ರೂಮಿಗೂ ಬಣ್ಣ ಹೊಡೆಸೋಣ. ಅತ್ತೆಗೆ ಯಾವ ಬಣ್ಣ ಇಷ್ಟ?"

ಆನಂದಕುಮಾರ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಹಿಂದೂಪುರದ ಯಾವ ಹೆಂಗಸಿಗೆ ಯಾವ ಬಣ್ಣ ಒಪ್ಪುತ್ತದೆಂದು ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಹೇಳುವ ಮನುಷ್ಯ ಅವನು. ಇದ್ದಕ್ಕಿದ್ದಂತೆ ಪಂಚೆ ಎತ್ತಿ ಕಟ್ಟಿಕೊಂಡು ಬೊಲೆರೊದ ಹಿಂದೆ ಓಡತೊಡಗಿದ.

"ಲೇ ಪದ್ಮಾ! ಪದ್ಮಾ! ನಿಂಗ್ಯಾವ ಬಣ್ಣ ಇಷ್ಟ ಕಣೇ?"

ಬೀದಿಯ ತುದಿಯಲ್ಲಿ ಗಾಡಿ ನಿಧಾನವಾಯಿತು. ಪದ್ಮಲತಾ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಅವಳು ಅಷ್ಟು ಖುಷಿಯಾಗಿ ಕೂಗಿದ್ದನ್ನು ನಾವು ಅವತ್ತೇ ಕೇಳಿದ್ದು.

"ಇಷ್ಟು ವರ್ಷ ಆದ್ಮ್ಯಾಲೆ ಕೇಳ್ತಾ ಇದ್ದೀರಲ್ಲ, ಯೋಚ್ನೆ ಮಾಡ್ಬೇಕು! ಶ್ರಾವಣದಾಗೆ ಬಂದು ಹೇಳ್ತೀನಿ!"